ಹೆಚ್ಚು ಹೊತ್ತವನ ತೀರ್ಮಾನ

ತಾತ್ರಾ ಬೆಟ್ಟದ ಮೇಲಿನ ತಂಗುಮನೆಗಳಿಗೆ ಸಾಮಾನು ಹೊತ್ತೊಯ್ಯುವ ಹೊರೆಯಾಳುಗಳಿಗೆ ಇರುವುದು ಒಂದೇ ಕಾನೂನು. ಹೆಚ್ಚು ಭಾರ ಹೊತ್ತವನು ಮುಂದೆ ನಡೆಯಬೇಕು. ದಾರಿಯೂ ಅವನದು, ತೀರ್ಮಾನವೂ ಅವನದು. ಹಗುರ ಹೊತ್ತವನು ಬಾಯಿ ಮುಚ್ಚಿಕೊಂಡು ಹಿಂದೆ ಬರಬೇಕು. ಮೂವತ್ತು ಚಳಿಗಾಲ ವೆಂಡೆಲೀನ್ ಮುಂದೆಯೇ ನಡೆದಿದ್ದ, ಹಿಂದಿನವರ ಗೊಣಗಾಟವನ್ನು ಒಂದು ದಿನವೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈ ವರ್ಷ ಮಂಡಿ ಕೈಕೊಟ್ಟಿತು. ಅಂದು ಅವನ ಬೆನ್ನಿನ ಮರದ ಚೌಕಟ್ಟಿನಲ್ಲಿ ಐವತ್ತು ಕಿಲೋ, ಅಳಿಯ ಬ್ಲಾಜೇಯ್‌ನದರಲ್ಲಿ ಎಪ್ಪತ್ತು.

ಬ್ಲಾಜೇಯ್ ಡ್ಯಾನ್ಯೂಬ್ ನದಿಯ ದಂಡೆಯ, ಕಲ್ಲಂಗಡಿ ಬೆಳೆಯುವ ಬಯಲಿನವನು. ವೆಂಡೆಲೀನನ ಮಗಳು ಒತೀಲಿಯಾಳನ್ನು ಮದುವೆಯಾಗಿ ಬೆಟ್ಟಕ್ಕೆ ಬಂದು ಮೂರು ವರ್ಷ ಹೊರೆ ಹೊತ್ತರೂ ಉಳಿದವರ ಬಾಯಲ್ಲಿ ಅವನು ಇನ್ನೂ 'ಕಲ್ಲಂಗಡಿ'ಯೇ. ಕರೆದಾಗಲೆಲ್ಲ ನಕ್ಕು ಸುಮ್ಮನಾಗುತ್ತಿದ್ದ. ಅದು ಅವನಿಗೆ ಎಷ್ಟು ಚುಚ್ಚುತ್ತದೆಂದು ಮಾವನಿಗೆ ಗೊತ್ತಿತ್ತು. ಗೊತ್ತಿಲ್ಲದೆ ಏನು, ಆ ಹೆಸರನ್ನು ಮೊದಲು ಇಟ್ಟ ಪುಣ್ಯಾತ್ಮ ಅವನೇ.

ಎರಡು ದಿನ ಬೀಸಿದ ಗಾಳಿ ಬೆಳಗ್ಗೆ ನಿಂತಿತ್ತು. ರಕ್ಷಣಾ ದಳದ ಹಲಗೆಯ ಮೇಲೆ ಹಿಮಕುಸಿತದ ಅಪಾಯ ಐದರಲ್ಲಿ ಮೂರು ಎಂದು ಬರೆದಿತ್ತು. ಮೂರು ಎಂದರೆ ಇಲ್ಲಿ ಯಾರೂ ಮನೆಯಲ್ಲಿ ಕೂರುವುದಿಲ್ಲ. ಸತ್ತವರಲ್ಲಿ ಹೆಚ್ಚಿನವರು ಮೂರರ ದಿನವೇ ಹೊರಟವರು. ಮೇಲಿನ ತಂಗುಮನೆ ನಡೆಸುವ ಗಿಜೇಲಾ ಬೇರೆ, ನಲವತ್ತು ಜನ ಬಂದು ಕೂತಿದ್ದಾರೆ, ಬ್ರೆಡ್ಡೂ ಇಲ್ಲ ಬಿಯರೂ ಇಲ್ಲ ಎಂದು ಫೋನಿನಲ್ಲಿ ಕಿರುಚಿದ್ದಳು.

ಹೆಪ್ಪುಗಟ್ಟಿದ ಕೆರೆ ದಾಟಿ ಕೊನೆಯ ಇಳಿಜಾರಿನ ಬುಡಕ್ಕೆ ಬಂದಾಗ ಕಾಲಡಿಯಲ್ಲಿ ಧಮ್ ಎಂದು ಹಿಮ ಕುಸಿದು ಕೂತಿತು. ಬ್ಲಾಜೇಯ್‌ನ ಬೂಟಿನ ಬಳಿಯಿಂದ ಒಂದು ಬಿರುಕು ಸರ್ರನೆ ಬಂಡೆಯವರೆಗೆ ಓಡಿತು. ವೆಂಡೆಲೀನ್ ತಲೆಯೆತ್ತಿ ಇಳಿಜಾರನ್ನು ನೋಡಿದ. ಗಾಳಿ ಶಿಖರದ ಆಚೆಯ ಹಿಮವನ್ನೆಲ್ಲ ಗುಡಿಸಿ ತಂದು ಈ ಮಗ್ಗುಲಿಗೆ ಪೇರಿಸಿತ್ತು. ಹಳೆಯದರ ಮೇಲೆ ಹೊಸದು ಹಲಗೆಯ ಹಾಗೆ ಕೂತಿತ್ತು, ಅಂಟಿರಲಿಲ್ಲ, ಕಾಲಿಟ್ಟರೆ ಅಷ್ಟೂ ಜಾರಬಹುದಿತ್ತು. ನಿಲ್ಲೋಣ ಎಂದು ಅವನು ಬಾಯಿ ತೆರೆಯುವುದರೊಳಗೆ, ಇವತ್ತು ಮುಂದಿರುವುದು ಯಾರು ಎಂದು ಅಳಿಯ ಕೇಳಿಬಿಟ್ಟ. ಕೇಳಿದ್ದಲ್ಲದೆ ಹೊರೆಯ ಎದೆಪಟ್ಟಿಯನ್ನು ಬಿಗಿದುಕೊಂಡ. ಹಿಮ ಜಾರಿದರೆ ಹೊರೆ ಕಳಚಿ ಎಸೆಯಲೂ ಆಗದಂತೆ ಬಿಗಿದುಕೊಂಡ, ಆ ಹುಂಬ.

ವೆಂಡೆಲೀನ್ ತನ್ನ ಹೊರೆ ಇಳಿಸಿದ. "ಆ ಪೀಪಾಯಿ ಇಲ್ಲಿ ಕೊಡು."

ನಲವತ್ತು ಜನರೆದುರು ಮೊದಲಿಗನಾಗಿ ತಂಗುಮನೆಯೊಳಗೆ ಹೋಗುವ ಚಪಲ ಮುದುಕನಿಗೆ ಇನ್ನೂ ಹೋಗಿಲ್ಲ ಎಂದುಕೊಂಡ ಬ್ಲಾಜೇಯ್, ಮುಖ ಗಂಟಿಕ್ಕಿಕೊಂಡೇ ಇಪ್ಪತ್ತೆಂಟು ಕಿಲೋದ ಬಿಯರ್ ಪೀಪಾಯಿಯನ್ನು ಬಿಚ್ಚಿಕೊಟ್ಟ. ವೆಂಡೆಲೀನ್ ಅದನ್ನು ಕಟ್ಟಿಕೊಂಡು, ಹಲ್ಲು ಕಚ್ಚಿ ಎದ್ದು, ಕಣಿವೆಯ ಕಡೆ ಮುಖ ತಿರುಗಿಸಿ ನಿಂತ.

"ಈಗ ನಂದೇ ಜಾಸ್ತಿ. ವಾಪಸ್ ನಡಿ."

"ಮೋಸ ಮಾಡಿದ್ರಿ, ಮಾವ."

"ಹೂಂ, ಮಾಡ್ದೆ."

ತುಂಬಿದ ಹೊರೆಯೊಂದಿಗೆ ಆ ಕಣಿವೆಯಲ್ಲಿ ಯಾರೂ ಹಿಂತಿರುಗಿದವರಿಲ್ಲ, ಹಾಗೆ ಬಂದವನು ಎಲ್ಲರ ನಗೆಪಾಟಲು. ಅರ್ಧ ಗಂಟೆ ಇಬ್ಬರೂ ಇಳಿದರು. ಆಮೇಲೆ ವೆಂಡೆಲೀನನ ಮಂಡಿ ಮಡಚಿಕೊಂಡಿತು, ಅವನು ಹೊರೆಯ ಸಮೇತ ಪಕ್ಕಕ್ಕೆ ಉರುಳಿದ. ಬ್ಲಾಜೇಯ್ ಅವನನ್ನು ಎಳೆದು ಕೂರಿಸಿ, ಪೀಪಾಯಿಯನ್ನು ಮತ್ತೆ ತನ್ನ ಚೌಕಟ್ಟಿಗೆ ಕಟ್ಟಿಕೊಂಡ. ಕಟ್ಟಿ ಮುಗಿದ ಮೇಲೆ, ಈಗ ಮತ್ತೆ ಅಳಿಯನ ಹೊರೆಯೇ ಹೆಚ್ಚು ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಬ್ಲಾಜೇಯ್ ತಿರುಗಿ ಮೇಲೆ ನೋಡಿದ. ಇಳಿಜಾರು ಬಿಸಿಲಲ್ಲಿ ಏನೂ ಅರಿಯದ ಹಾಗೆ ಬೆಳ್ಳಗೆ ಮಲಗಿತ್ತು. ಈಗ ಹೊರಟರೂ ಕತ್ತಲೆಗೆ ಮುಂಚೆ ತಂಗುಮನೆ ತಲುಪಬಹುದಿತ್ತು.

"ಈಗ ನಿನ್ ಮಾತೇ ನಡೆಯೋದು," ಎಂದ ವೆಂಡೆಲೀನ್ ಹಿಮದಲ್ಲಿ ಕೂತಲ್ಲಿಂದಲೇ. "ಹೋಗೋಣ ಅಂದ್ರೆ ತೆವಳ್ಕೊಂಡಾದ್ರೂ ಹಿಂದೆ ಬರ್ತೀನಿ. ಆದ್ರೆ ನಂಗೆ ಹೆದರಿಕೆ ಆಗ್ತಿದೆ ಕಣೋ. ನಿನ್ನ ಬಿಟ್ಟು ಒತೀಲಿಯಾ ಮುಂದೆ ಒಬ್ನೇ ಹೋಗಿ ನಿಲ್ಲೋದು ನನ್ ಕೈಲಿ ಆಗಲ್ಲ."

ಮಾವನ ಬಾಯಲ್ಲಿ ಹೆದರಿಕೆ ಎಂಬ ಮಾತನ್ನು ಬ್ಲಾಜೇಯ್ ಅದುವರೆಗೆ ಕೇಳಿರಲಿಲ್ಲ. ಎದೆಪಟ್ಟಿ ಸಡಿಲಿಸಿ, ಕೈ ನೀಡಿ ಮಾವನನ್ನು ಎಬ್ಬಿಸಿ, ಕೆಳಮುಖವಾಗಿ ಮುಂದೆ ನಡೆದ.

ಬೆಟ್ಟದ ಬುಡದ ಹೊರೆ ತೂಗುವ ಕೊಟ್ಟಿಗೆಯಲ್ಲಿ ನಾಲ್ವರು ಹೊರೆಯಾಳುಗಳು ಚಹಾ ಕುಡಿಯುತ್ತಿದ್ದರು. ತುಂಬಿದ ಚೌಕಟ್ಟುಗಳು ಬಾಗಿಲಲ್ಲಿ ಕಂಡಾಗ ಎಲ್ಲರೂ ಲೋಟ ಕೆಳಗಿಟ್ಟರು. ಮೇಲೆ ಹಿಮ ಜಾರಿರಲಿಲ್ಲ, ಇವರ ಪರವಾಗಿ ಸಾಕ್ಷಿ ಹೇಳಲು ಬೆಟ್ಟ ಗುಡುಗಿಯೂ ಇರಲಿಲ್ಲ. ಹಳೇ ಹೊರೆಯಾಳು ಇಮ್ರಿಖ್, ವಾಪಸ್ ಬರೋಣ ಅಂದವರು ಯಾರು ಎಂದು ನಿಧಾನವಾಗಿ ಕೇಳಿದ.

ವೆಂಡೆಲೀನ್ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಅಳಿಯ ಅವನಿಗೆ ಅಡ್ಡ ಬಂದು ನಿಂತಿದ್ದ.

"ನಾನೇ. ನಂದೇ ಜಾಸ್ತಿ ಇತ್ತು. ಆ ಇಳಿಜಾರಿಗೆ ಕಾಲಿಡಲ್ಲ ಅಂದೆ."

ಮೂಲೆಯಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಈ ನಗು ಮುಂದಿನ ಚಳಿಗಾಲದವರೆಗೂ ಈ ಹುಡುಗನ ಬೆನ್ನು ಬಿಡುವುದಿಲ್ಲ, ಅದು ತಿಳಿದೂ ಮಾವನ ಪಾಲಿನ ಅವಮಾನವನ್ನು ಅವನು ಹೊತ್ತುಕೊಂಡ ಎಂದು ವೆಂಡೆಲೀನನಿಗೆ ಅರ್ಥವಾಯಿತು. ಅವನು ಕುಂಟುತ್ತ ಬಂದು ಅಳಿಯನ ಪಕ್ಕದಲ್ಲಿ ನಿಂತ.

"ನಾನು ಹಿಂದಿದ್ದೆ," ಎಂದ, ನಕ್ಕವನನ್ನೇ ನೋಡುತ್ತ. "ಮೂವತ್ತು ವರ್ಷದಲ್ಲಿ ನಾನು ಒಂದ್ಸಲಾನೂ ಇಷ್ಟು ಸರಿಯಾಗಿ ತೀರ್ಮಾನ ಮಾಡಿಲ್ಲ. ನಾಳೇನೂ ಇವನ ಹಿಂದೇನೇ ಹೋಗ್ತೀನಿ."

ಬ್ಲಾಜೇಯ್ ಯಾರ ಮುಖವನ್ನೂ ನೋಡದೆ, ತಲೆ ಬಗ್ಗಿಸಿ ಪೀಪಾಯಿಯ ಹಗ್ಗ ಬಿಚ್ಚತೊಡಗಿದ. ಎಷ್ಟು ಹೊತ್ತಾದರೂ ಗಂಟು ಅವನ ಕಣ್ಣಿಗೆ ಸರಿಯಾಗಿ ಕಾಣಲೇ ಇಲ್ಲ.