ತೊಟ್ಟಿಗೆ ಕೊನೆಯ ಸಲ ಕೈ ಹಾಕಿದ್ದು

ಫೆಬ್ರವರಿ ಆರು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಬಟ್ಟೆಗೆ ನೀಲಿ ಬಣ್ಣ ಹಾಕುವ ಹೆಂಗಸು ನಾದಿನಿಯ ತೋಳು ಹಿಡಿದು ಒಳಬಂದು ಕುರ್ಚಿಯಲ್ಲಿ ಕೂತಳು. ಮಾತಾಡುವ ಮೊದಲು ಮೂರು ಸಲ ಉಸಿರೆಳೆದುಕೊಂಡಳು.

ಡಾಕ್ಟರು ಅವಳ ಹಳೆಯ ಚೀಟಿ ಬಿಡಿಸಿದರು. ಜನವರಿ ಒಂಬತ್ತು, ಅವರದೇ ಅಕ್ಷರ: 'ಆಯಾಸ. ಬೆರಳು ನೀಲಿ, ಬಣ್ಣದ ಕೆಲಸ. ಟಾನಿಕ್.' ಅಂದು ಹೊರಗೆ ನಲವತ್ತು ಜನ ಕಾದಿದ್ದರು.

"ಯಾವಾಗಿಂದಮ್ಮಾ ಈ ನೀಲಿ?"

"ಮದುವೆ ಆದಾಗಿಂದ," ಎಂದು ನಕ್ಕಳು. "ನಾಳೆ ನನ್ನ ಹೆಣಾನೂ ಕೈ ನೋಡಿ ಗುರುತು ಹಿಡೀತಾರೆ."

"ಬಾಯಿಗೆ ಬಂದಿದ್ದು ಆಡ್ಬೇಡಿ ಅತ್ತಿಗೆ," ನಾದಿನಿ ಗದರಿದಳು.

ಈ ಸಲ ಡಾಕ್ಟರು ಒಂದೊಂದಾಗಿ ಕೇಳಿದರು. ಚಳಿಗೆ ಮಾತ್ರ ನೀಲಿಯಾಗುತ್ತದೆಯೆ? ಇಲ್ಲ, ಕೈ ಬೆಚ್ಚಗಿದ್ದರೂ ಹಾಗೇ. ಮೆಟ್ಟಿಲು? ನಾಲ್ಕಕ್ಕೇ ಎದೆ ಹೊಡೆದುಕೊಳ್ಳುತ್ತದೆ. ಮಲಗುವಾಗ ದಿಂಬು? ಮೊದಲು ಒಂದು, ಈಗ ಮೂರು.

"ಬಣ್ಣದ ತೊಟ್ಟಿಗೆ ಕೊನೆಯ ಸಲ ಕೈ ಹಾಕಿದ್ದು ಯಾವಾಗ?"

ಇಬ್ಬರೂ ಮುಖ ಮುಖ ನೋಡಿಕೊಂಡರು.

"ತೊಟ್ಟಿ ಒಣಗಿ ಎಂಟು ತಿಂಗ್ಳಾಯ್ತಲ್ಲ ಡಾಕ್ಟ್ರೇ," ಎಂದಳು ನಾದಿನಿ. "ಅತ್ತಿಗೇಗೆ ಒಂದು ಬಕೆಟ್ ನೀರು ಎತ್ತಕ್ಕಾಗ್ತಿರ್ಲಿಲ್ಲ. ಕೆಲ್ಸ ನಿಲ್ಲಿಸ್ಬಿಟ್ವಿ."

ಉಗುರು ಬುಡದಿಂದ ತುದಿಗೆ ಬೆಳೆಯಲು ಆರು ತಿಂಗಳು ಸಾಕು. ಹಳೆಯ ಬಣ್ಣವೆಲ್ಲ ಜನವರಿಗೆ ಮುಂಚೆಯೇ ಉಗುರಿನ ಜೊತೆ ಕತ್ತರಿಸಿ ಹೋಗಿರಬೇಕಿತ್ತು.

"ಹೋದ ಸಲ ಹೇಳ್ಲಿಲ್ವಲ್ಲಮ್ಮಾ?"

"ನೀವು ಕೇಳ್ಲಿಲ್ಲ." ಅವಳ ದನಿಯಲ್ಲಿ ದೂರಿರಲಿಲ್ಲ. "ಬಣ್ಣ ಅಂದ್ರಿ. ಓದಿದೋರು ಹೇಳಿದ್ಮೇಲೆ ಇನ್ನೇನು? ದಿನಾ ಕೂತು ಉಜ್ಜಿದೆ."

ಕೈ ಚಾಚಿದಳು. ಉಜ್ಜುಗಲ್ಲಿಗೆ ಬೆರಳ ತುದಿಗಳ ಚರ್ಮ ಸುಲಿದಿತ್ತು. ಸುಲಿದ ಜಾಗವೂ ನೀಲಿಯೇ. ಬಣ್ಣ ಒರೆಸಿ ನೋಡಲೆಂದು ಸ್ಪಿರಿಟ್ ಹತ್ತಿ ಎತ್ತಿಕೊಂಡಿದ್ದ ಡಾಕ್ಟರು ಅದನ್ನು ಮೆಲ್ಲಗೆ ಕೆಳಗಿಟ್ಟರು.

"ನಾಲಿಗೆ ತೋರ್ಸಿ."

"ನಾಲಿಗೇನ ತೊಟ್ಟಿಗೆ ಅದ್ದಿಲ್ಲ ಡಾಕ್ಟ್ರೇ," ಎಂದು ನಗುತ್ತಲೇ ಚಾಚಿದಳು.

ಅದೂ ನೀಲಿಯಾಗಿತ್ತು. ಜನವರಿಯಲ್ಲಿ ಇದಕ್ಕೆ ಅರ್ಧ ನಿಮಿಷ ಸಾಕಾಗುತ್ತಿತ್ತು.

"ಇದು ಬಣ್ಣ ಅಲ್ಲಮ್ಮಾ. ರಕ್ತಕ್ಕೆ ಗಾಳಿ ಸಾಲ್ತಿಲ್ಲ. ಅವತ್ತೇ ನೋಡ್ಬೇಕಿತ್ತು, ನಾನು ನೋಡ್ಲಿಲ್ಲ."

ಅವಳು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು.

"ಹಾಗಾದ್ರೆ ಉಜ್ಜೋದು ನಿಲ್ಲಿಸ್ಲಾ?"

"ನಿಲ್ಸಿ."

ಆಮ್ಲಜನಕದ ಸಿಲಿಂಡರ್ ತರಲು ನರ್ಸಿಗೆ ಕೂಗಿ ಹೇಳಿದರು. ಸುಲಿದ ಬೆರಳಿನ ಬದಲು, ಅವಳ ಕೂದಲು ಸರಿಸಿ, ರಕ್ತದ ಆಮ್ಲಜನಕ ಅಳೆಯುವ ಕ್ಲಿಪ್ಪನ್ನು ಕಿವಿಯ ಹಾಲೆಗೆ ಸಿಕ್ಕಿಸಿದರು. ತೊಂಬತ್ತೈದರ ಮೇಲಿರಬೇಕಾದ ಅಂಕಿ ಕೊಂಚ ಹೊತ್ತು ಮೇಲೆ ಕೆಳಗೆ ಆಡಿ ನಿಂತಿತು. ಡಾಕ್ಟರು ಹಳೆಯ ಸಾಲಿನ ಕೆಳಗೆ ಬರೆದುಕೊಂಡರು: ಶೇಕಡಾ ಎಪ್ಪತ್ತೆಂಟು.