ಹಗ್ಗದ ಈಚೆ ತುದಿ

೧

ಎಲ್ಲಿಂದ ಶುರು ಮಾಡಲಿ?

ಕುಂಸಿಯ ನನ್ನಜ್ಜಿಗೆ ಈ ಕಷ್ಟ ಇರಲಿಲ್ಲ. "ಒಂದೂರಲ್ಲಿ ಒಬ್ಬ ರಾಜ" ಎಂದರೆ ಸಾಕು, ಊರೂ ಬರುತ್ತಿತ್ತು, ರಾಜನೂ ಬರುತ್ತಿದ್ದ, ನನಗೆ ಅರ್ಧ ನಿದ್ದೆಯೂ ಬರುತ್ತಿತ್ತು. ನಾನು "ಹೂಂ" ಅನ್ನುತ್ತಿರಬೇಕು. ಹೂಂ ನಿಂತರೆ ಅಜ್ಜಿಯ ಕಥೆಯೂ ನಿಲ್ಲುತ್ತಿತ್ತು. ನನ್ನ ಕಥೆಯಲ್ಲಿ ರಾಜನಿಲ್ಲ. ಒಂದು ಎರಕದ ಕಾರ್ಖಾನೆ ಇದೆ, ಒಂದು ಗುಂಡಿ ಇದೆ, ಒಂದು ತೆಂಗಿನ ನಾರಿನ ಹಗ್ಗ ಇದೆ, ಕಾರ್ಖಾನೆ ಕಾಯಿದೆಯ ಮೂವತ್ತಾರನೆಯ ಸೆಕ್ಷನ್ ಇದೆ. "ಒಂದೂರಲ್ಲಿ ಒಂದು ಸೆಕ್ಷನ್ ಇತ್ತಂತೆ" ಎಂದು ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. (ತಿರುಗಿಸಿ. ಮುಂದಿನ ಪುಟದಲ್ಲೂ ಅದೇ ಸೆಕ್ಷನ್ ಇದೆ.)

೨

ಮೊದಲ ಡ್ರಾಫ್ಟು ಹೀಗಿತ್ತು: "ಭದ್ರಾವತಿಯ ಓಲ್ಡ್ ಟೌನಿನ ಆಚೆ, ಭೂಮಿಯ ಹೊಟ್ಟೆಯೊಳಗೆ ಒಂದು ಕಪ್ಪು ಸರೋವರ. ಅದರ ಮೇಲೆ ಕಣ್ಣಿಗೆ ಕಾಣದ ಸರ್ಪವೊಂದು ಸುರುಳಿ ಸುತ್ತಿ ಮಲಗಿತ್ತು…"

ಚೆನ್ನಾಗಿದೆ ಅಲ್ಲವೇ? ನನಗೂ ಹಾಗೇ ಅನ್ನಿಸಿತ್ತು. ನಮ್ಮ ಕಾರ್ಖಾನೆಯಲ್ಲಿ ಕೂಲಿ ಮಾಡುವ ಚಿನ್ನಮ್ಮನಿಗೆ ಓದಿ ಹೇಳಿದೆ.

"ಯಾವ ಸರೋವರ ಟೈಪಮ್ಮಾ? ನಮ್ಮ ಕಾಕಂಬಿ ಗುಂಡೀನಾ?"

"ಹೂಂ."

"ಸರ್ಪ?"

"ಅದು… ಒಳಗಿನ ಕೆಟ್ಟ ಗಾಳಿ."

"ಹಂಗಾದ್ರೆ ಗಾಳಿ ಅಂತ್ಲೇ ಬರಿಯಮ್ಮ. ಸರ್ಪ ಅಂದ್ರೆ ಜನ ಗುಂಡಿಗೆ ಹಾಲು ಹುಯ್ಯೋಕೆ ಬರ್ತಾರೆ. ಆಮೇಲೆ ತೊಳೆಯೋರು ನಾವೇ."

ಸರ್ಪವನ್ನು ಹೊಡೆದು ಹಾಕಿದೆ. (ಅದೇ ಡ್ರಾಫ್ಟಿನಲ್ಲಿ "ಚಿನ್ನಮ್ಮ ಬಂದಳು" ಎಂದಿತ್ತು. ಈಗ "ಬಂದರು" ಎಂದು ತಿದ್ದಿದ್ದೇನೆ. ಕಾರಣ ಮುಂದೆ ಸಿಗುತ್ತದೆ.)

೩

ಸರಿ, ನೆಲದ ಮೇಲೆ ನಿಂತು ಹೇಳುತ್ತೇನೆ. ೧೯೬೨ರ ಮಳೆಗಾಲ. ನಾನು ವೇದಾವತಿ, ಇಪ್ಪತ್ತೊಂದು ವರ್ಷ, ಶಿವಮೊಗ್ಗದ ಹೊಸಮನೆಯವಳು. ಬೆಳಗಿನ ರೈಲಿನಲ್ಲಿ ಭದ್ರಾವತಿಗೆ ಹೋಗಿ ಒಂದು ಸಣ್ಣ ಕಾರ್ಖಾನೆಯಲ್ಲಿ ಟೈಪಿಸ್ಟ್ ಕೆಲಸ ಮಾಡುತ್ತಿದ್ದೆ. ಅಲ್ಲಿ ಪಂಪಿನ ಮೈ, ಗಾಣದ ಚಕ್ರ ಇಂಥವನ್ನು ಎರಕ ಹೊಯ್ಯುತ್ತಿದ್ದರು. ಅಚ್ಚಿನ ಮರಳು ಉದುರದಂತೆ ಹಿಡಿದಿಡಲು ಅದಕ್ಕೆ ಕಾಕಂಬಿ ಕಲಸಬೇಕು. ಕಾಕಂಬಿ ಎಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕರಿ ಪಾಕ. ಅದನ್ನು ತುಂಬಿಡಲು ನೆಲದೊಳಗೆ ಎರಡಾಳುದ್ದದ ಸಿಮೆಂಟು ಗುಂಡಿ. ಬಾಯಿ ಮಾತ್ರ ಒಂದು ಮೊರದಗಲ. ಮಳೆನೀರು ಸೇರಿದರೆ ಕಾಕಂಬಿ ಹುಳಿತು ನೊರೆ ಬರುತ್ತದೆ, ತಳದಲ್ಲಿ ಕೆಟ್ಟ ಗಾಳಿ ಕೂರುತ್ತದೆ. ಆ ಗಾಳಿಗೆ ಬಣ್ಣವಿಲ್ಲ. ಇಳಿದವನಿಗೆ ಸುಮ್ಮನೆ ನಿದ್ದೆ ಬಂದಂತಾಗುತ್ತದೆ.

ಮಳೆಗಾಲದಲ್ಲಿ ದಿನಾ ಒಬ್ಬರು ಇಳಿದು ತಳದ ಗಸಿ ಎತ್ತಬೇಕಿತ್ತು. ಕಾರ್ಖಾನೆಯ ಖಾಯಂ ಕೆಲಸಗಾರರು ಇಳಿಯುತ್ತಿರಲಿಲ್ಲ. ಇಳಿಯುತ್ತಿದ್ದವರು ಗುತ್ತಿಗೆದಾರ ಜಯಪ್ಪನ ಕಡೆಯವರು. ನಮ್ಮಲ್ಲಿ ಜನ ಎರಡೇ ಥರ: "ನಮ್ಮವರು" ಮತ್ತು "ಜಯಪ್ಪನ ಕಡೆಯವರು". ಅಬ್ಬಾಸ್ ಅಲಿ, ಚಿನ್ನಮ್ಮ ಇಬ್ಬರೂ ಎರಡನೆಯ ಥರ.

ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಅಬ್ಬಾಸ್ ಅಲಿ ಸಾಯುವುದಿಲ್ಲ. ನಿಮ್ಮನ್ನು ಆ ಭಯದಲ್ಲಿ ಕಟ್ಟಿಹಾಕಿ ಓದಿಸಲು ನನಗೆ ಮನಸ್ಸಿಲ್ಲ. ಈ ಕಥೆಯಲ್ಲಿ ಉಳಿಯಬೇಕಾದದ್ದು ಚಿನ್ನಮ್ಮನ ಹೆಸರು.

೪

ಈಗ ನನ್ನ ತಪ್ಪೊಪ್ಪಿಗೆ. ನಾನು ಬರೆದ ಮೊದಲ ಕಟ್ಟುಕಥೆ ಯಾವ ಪತ್ರಿಕೆಯಲ್ಲೂ ಬರಲಿಲ್ಲ, ಕಾರ್ಖಾನೆಯ ಫೈಲಿನಲ್ಲಿದೆ.

ಕಾಯಿದೆ ಹೇಳುವುದು ಇಷ್ಟು: ಇಂಥ ಗುಂಡಿಗೆ ಯಾರನ್ನಾದರೂ ಇಳಿಸುವ ಮೊದಲು, ತಿಳಿದವರೊಬ್ಬರು ತಾವೇ ಪರೀಕ್ಷೆ ಮಾಡಿ, ಒಳಗೆ ಕೆಟ್ಟ ಗಾಳಿ ಇಲ್ಲವೆಂದು ಬರೆದು ಕೊಡಬೇಕು. ಇಲ್ಲವಾದರೆ ಇಳಿಯುವವನಿಗೆ ಉಸಿರಾಟದ ಸಲಕರಣೆ ಹಾಕಿ, ಸೊಂಟದ ಬೆಲ್ಟಿಗೆ ಹಗ್ಗ ಬಿಗಿದು, ಹಗ್ಗದ ಇನ್ನೊಂದು ತುದಿಯನ್ನು ಹೊರಗೆ ನಿಂತವರೊಬ್ಬರು ಹಿಡಿದಿರಬೇಕು. ಸಲಕರಣೆ ನಮ್ಮಲ್ಲಿರಲಿಲ್ಲ. ಹಾಗಾಗಿ ಸರ್ಟಿಫಿಕೇಟು.

ನಮ್ಮ ಆಫೀಸಿನ ಪದ್ಧತಿ ಏನೆಂದರೆ, ಸೋಮವಾರ ಬೆಳಿಗ್ಗೆಯೇ ವಾರದ ಆರೂ ದಿನಗಳ ಸರ್ಟಿಫಿಕೇಟುಗಳನ್ನು ಹೊಡೆದಿಡುವುದು. ಮ್ಯಾನೇಜರ್ ಷಡಕ್ಷರಪ್ಪನವರು ಕಾಫಿ ಆರುವುದರೊಳಗೆ ಆರಕ್ಕೂ ಸಹಿ ಹಾಕುತ್ತಿದ್ದರು. "ಈ ದಿನ ಗುಂಡಿಯನ್ನು ನಾನೇ ಪರೀಕ್ಷಿಸಿದ್ದೇನೆ" ಎಂದು ಗುರುವಾರದ ವಿಷಯವನ್ನು ಸೋಮವಾರ ಇಂಗ್ಲಿಷಿನಲ್ಲಿ ಹೊಡೆಯುವಾಗ ನನ್ನ ಬೆರಳು ಒಂದು ಸಲವೂ ನಿಲ್ಲಲಿಲ್ಲ. ಮನಸ್ಸು ಅಜ್ಜಿಯ ಯಾವುದೋ ಅರಮನೆಯಲ್ಲಿ ಓಡಾಡುತ್ತಿರುತ್ತಿತ್ತು. ಶಾಸ್ತ್ರ ಹೇಳುವ ಗಿಳಿ ಕೂಡ ಪಂಜರದಿಂದ ಹೊರಗೆ ಬಂದು ಚೀಟಿ ಎತ್ತುತ್ತದೆ. ನಾನು ಕುರ್ಚಿಯಿಂದ ಏಳಲೂ ಇಲ್ಲ.

೫

ಗುರುವಾರ, ಬೆಳಿಗ್ಗೆ ಹತ್ತೂವರೆ. ಅಬ್ಬಾಸ್ ಅಲಿ ಗುಂಡಿಯೊಳಗೆ. ಮೇಲೆ ಹಗ್ಗ ಹಿಡಿದು ಚಿನ್ನಮ್ಮ. ಹಗ್ಗ ಕಾಯಿದೆಯಿಂದ ಬಂದದ್ದಲ್ಲ, ಚಿನ್ನಮ್ಮನಿಂದ ಬಂದದ್ದು. ಅವರ ತಂದೆಯ ಕಡೆಯವರೆಲ್ಲ ಸೇಲಂ ಕಡೆಯಿಂದ ಬಂದು ಬಾವಿ ತೋಡುತ್ತಿದ್ದವರು. ಅವರದು ಒಂದೇ ನಿಯಮ: ಒಳಗಿಳಿದವನು ಬಾಯಿ ಮುಚ್ಚಬಾರದು. ಬಾಯಿ ಮುಚ್ಚಿದರೆ ಕೇಳುತ್ತ ಕೂರುವುದಿಲ್ಲ, ಎಳೆಯುವುದು.

ಅಬ್ಬಾಸ್ ಅಲಿಗೆ ಇದು ಕಷ್ಟದ ನಿಯಮವೇ ಅಲ್ಲ. ಇಳಿದಾಗಿನಿಂದ ಹತ್ತುವ ತನಕ ಅವನು ಗುತ್ತಿಗೆದಾರನನ್ನು ಬೈಯುತ್ತಿದ್ದ.

"ಅರೆ ಚಿನ್ನಮ್ಮಕ್ಕಾ, ಈ ಬಕೆಟ್ ನೋಡು, ಥೇಟ್ ಜಯಪ್ಪಣ್ಣನ ತಲೆ! ಏನ್ ಹಾಕಿದ್ರೂ ನಿಲ್ಲಲ್ಲ!"

ಅಷ್ಟರಲ್ಲಿ ಜಯಪ್ಪನೇ ಬಂದ. "ಏ ಚಿನ್ನಮ್ಮ, ಇಲ್ಲಿ ಕೂತು ಹರಟೆ ಕೇಳ್ತಿದೀಯಾ? ಅಲ್ಲಿ ಮರಳಿನ ಬುಟ್ಟಿ ಹೊರೋರಿಲ್ಲ. ಹಗ್ಗ ಆ ಕಂಬಕ್ಕೆ ಕಟ್ಟಿ ಬಾ."

"ಕಂಬಕ್ಕೆ ಕಿವಿ ಇದ್ಯಾ ಮೇಸ್ತ್ರಿ?"

"ಕಂಬ ಏನ್ ಓಡಿ ಹೋಗುತ್ತಾ ಮಾರಾಯ್ತಿ!"

"ಓಡಲ್ಲ. ಎಳೆಯೋದೂ ಇಲ್ಲ."

ಜಯಪ್ಪ ನಕ್ಕು ಗುಂಡಿಯ ಕಡೆ ಕಿವಿ ಕೊಟ್ಟ. "ಇವತ್ತು ನನಗೆ ಬೈಗುಳ ಕಮ್ಮಿ ಆಗಿದೆಯಲ್ಲ. ಅಬ್ಬಾಸ್‌ಗೆ ಬುದ್ಧಿ ಬಂತು ಕಾಣತ್ತೆ."

ಚಿನ್ನಮ್ಮ ಆಗಲೇ ಎಳೆಯುತ್ತಿದ್ದರು.

ನಾರಿನ ಹಗ್ಗ, ಹೆಣಭಾರದ ಗಂಡಾಳು, ಒಬ್ಬ ಹೆಂಗಸು. ಜಯಪ್ಪನಿಗೆ ಅರ್ಥವಾಗಲು ನಾಲ್ಕು ಉಸಿರಿನ ಹೊತ್ತು ಹಿಡಿಯಿತು; ಅರ್ಥವಾದ ಮೇಲೆ ಅವನೂ ಬಂದು ಹಗ್ಗ ಹಿಡಿದ, ಇದನ್ನೂ ಬರೆಯಬೇಕು. ಆ ನಾಲ್ಕು ಉಸಿರಿನಷ್ಟು ಹೊತ್ತು ಭಾರವೆಲ್ಲ ಚಿನ್ನಮ್ಮನ ಅಂಗೈಯಲ್ಲಿತ್ತು. ಗುಂಡಿಯ ಬಾಯಿ ಕಿರಿದು. ಅಬ್ಬಾಸ್ ಅಲಿಯ ಹೆಗಲು ಸಿಮೆಂಟಿನ ಅಂಚಿಗೆ ಬಡಿದು ಕತ್ತಿನ ಹತ್ತಿರದ ಮೂಳೆ ಮುರಿಯಿತು. ಮರಳಿನ ಮೇಲೆ ಮಲಗಿಸಿ ಎದೆ ಉಜ್ಜಿದರು, ಗಾಳಿ ಹಾಕಿದರು. ಎಷ್ಟೋ ಹೊತ್ತಿನ ಮೇಲೆ ಕೆಮ್ಮಿದ. ಮೊದಲ ಮಾತು: "ಬಕೆಟ್ ಒಳಗೇ ಉಳೀತು."

ಮೂರನೆಯ ಡ್ರಾಫ್ಟಿನಲ್ಲಿ ಈ ಹೊತ್ತಿಗೆ ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿ ಬಂದು ಹಗ್ಗಕ್ಕೆ ಕೈ ಹಾಕಿದ್ದೆ. ಆಸ್ಪತ್ರೆಯ ಮಂಚದ ಮೇಲಿದ್ದ ಅಬ್ಬಾಸ್ ಅಲಿ ನಾನು ಓದಿದ್ದನ್ನು ಕೇಳಿ ಹುಬ್ಬೇರಿಸಿದ.

"ನೀವೆಲ್ಲಿದ್ರಿ ಟೈಪಮ್ಮ ಅಲ್ಲಿ?"

"ಆಫೀಸಲ್ಲಿ. ಟೈಪ್ ಹೊಡೀತಿದ್ದೆ."

"ಹಾಗಾದ್ರೆ ಅದನ್ನೇ ಹೊಡೀರಿ."

೬

ಮಧ್ಯಾಹ್ನ ಷಡಕ್ಷರಪ್ಪನವರು ಅಪಘಾತದ ವರದಿ ಬರೆಸಿದರು. ಸಾರಾಂಶ: "ಗುತ್ತಿಗೆದಾರರ ಕಡೆಯ ಹೆಂಗಸು ಅಜಾಗರೂಕತೆಯಿಂದ ಹಗ್ಗ ಕೈಬಿಟ್ಟಿದ್ದರಿಂದ, ಗುತ್ತಿಗೆದಾರರ ಕಡೆಯ ಆಳು ಗುಂಡಿಯೊಳಗೆ ಬಿದ್ದು ಮೂಳೆ ಮುರಿದುಕೊಂಡನು."

ಕಥೆ ಬರೆಯುವವಳಾಗಿ ಹೇಳುತ್ತೇನೆ, ಇದು ಚೆನ್ನಾಗಿ ಕಟ್ಟಿದ ವಾಕ್ಯ. ಮುರಿದ ಮೂಳೆಗೆ ಕಾರಣ ಸಿಕ್ಕಿತು. ಕೆಟ್ಟ ಗಾಳಿ ಮಾಯವಾಯಿತು. ಕಾರ್ಖಾನೆಯ ಸುಳಿವೇ ಇಲ್ಲ. ಇದು ಹೊರಗೆ ಹೋದರೆ ಚಿನ್ನಮ್ಮನ ಕೈಗೆ ಭದ್ರಾವತಿಯಲ್ಲಿ ಯಾರೂ ಮತ್ತೆ ಹಗ್ಗ ಕೊಡುವುದಿಲ್ಲ. ನೀರಿನ ನಲ್ಲಿಯ ಹತ್ತಿರ, ಸಂತೆಯಲ್ಲಿ, ಎಲ್ಲ ಕಡೆ ಅವರು "ಆಳನ್ನ ಕೈಬಿಟ್ಟೋಳು".

"ಸಾರ್, ಅವರು ಬಿಡ್ಲಿಲ್ವಂತೆ."

"ನೀನು ನೋಡಿದ್ಯಾ?"

"ಇಲ್ಲ ಸಾರ್."

"ಮತ್ತೆ? ಹೊಡಿಯಮ್ಮ. ಅವ್ರು ಜಯಪ್ಪನ ಜನ. ನಮ್ಮ ಹಾಜರಿ ಮಸ್ಟರಿನಲ್ಲಿ ಅವ್ರ ಹೆಸರೇ ಇಲ್ಲ."

ಹೊಡೆದೆ. ಒಂದು ಅಕ್ಷರವೂ ತಪ್ಪಲಿಲ್ಲ.

೭

(ಈ ಭಾಗದಲ್ಲಿ ಎರಡು ಮುಕ್ತಾಯಗಳಿದ್ದವು. ಒಂದರಲ್ಲಿ ಸರಿಯಾಗಿ ಆ ಕ್ಷಣಕ್ಕೆ ಕಾರ್ಖಾನೆ ಇನ್‌ಸ್ಪೆಕ್ಟರರ ಜೀಪು ಬಂದು ನಿಲ್ಲುತ್ತದೆ. ಜೀಪು ಬಂದದ್ದು ಮುಂದಿನ ತಿಂಗಳು. ಇನ್ನೊಂದರಲ್ಲಿ ನಾನು ಕಾಗದ ಹರಿದು, ರಾಜೀನಾಮೆ ಎಸೆದು, ಬಾಗಿಲು ಧಡಾರನೆ ಹಾಕಿಕೊಂಡು ಹೊರಡುತ್ತೇನೆ. ಇದಕ್ಕೆ ಷಡಕ್ಷರಪ್ಪನವರದೇ ತಕರಾರು: "ಯಾವಾಗ ಹೊರಟೆಯಮ್ಮ? ಆ ವರದಿಗೆ ಕಾರ್ಬನ್ ಇಟ್ಟಿದ್ದೂ ನೀನೇ. ಮತ್ತೆ ಆ ಬಾಗಿಲು ಮಳೆಗೆ ಉಬ್ಬಿದೆ, ಧಡಾರ್ ಅನ್ನಲ್ಲ.")

೮

ನಡೆದದ್ದು ಹೀಗೆ. ವರದಿಯ ಕೆಳಗೆ ಚಿನ್ನಮ್ಮನ ಹೆಬ್ಬೆಟ್ಟು ಬೇಕಿತ್ತು. ಕರೆಸಿದರು. ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಬಂದು ನಿಂತರು. ವರದಿಯನ್ನು ಕನ್ನಡದಲ್ಲಿ ನಾನೇ ಓದಿ ಹೇಳಬೇಕಾಯಿತು. "ಹಗ್ಗ ಕೈಬಿಟ್ಟಿದ್ದರಿಂದ" ಎಂಬಲ್ಲಿಗೆ ಬಂದೆ. ಚಿನ್ನಮ್ಮ ನನ್ನನ್ನೇ ನೋಡಿದರು. ಎಡಗೈ ಹೊರಗೆ ತೆಗೆದು ಮುಂದೆ ಚಾಚಿದರು.

ಷಡಕ್ಷರಪ್ಪನವರು ಆ ಹೆಬ್ಬೆರಳನ್ನು ಹಿಡಿದು ಶಾಯಿಗೆ ಒತ್ತಿ ಕಾಗದಕ್ಕೆ ಒತ್ತಿದರು. ಕಾಗದದ ಮೇಲೆ ಬರಿಯ ಕಲೆ. ಮತ್ತೆ ಒತ್ತಿದರು. ಈ ಸಲ ನೀಲಿಯ ಜೊತೆ ಸ್ವಲ್ಪ ಕೆಂಪು.

"ಗೆರೆ ಬರ್ತಿಲ್ಲವಲ್ಲಮ್ಮ."

"ಹಗ್ಗದ ಮೇಲೆ ಇರ್ಬೇಕು ಸಾರ್," ಎಂದರು ಚಿನ್ನಮ್ಮ. "ಹೋಗಿ ತಗೊಂಡ್ಬರ್ಲಾ?"

ಷಡಕ್ಷರಪ್ಪನವರು ಆ ಕೈ ತಿರುಗಿಸಿ ನೋಡಿದರು. ಇನ್ನೊಂದು ಕೈಯನ್ನೂ ಕೇಳಿ ನೋಡಿದರು. ಎರಡು ಅಂಗೈಯಲ್ಲೂ ಚರ್ಮ ಇರಲಿಲ್ಲ. ಕೈಬಿಟ್ಟವರ ಅಂಗೈ ಹಾಗಿರುವುದಿಲ್ಲ ಎಂದು ಯಾರೂ ಹೇಳಬೇಕಾಗಲಿಲ್ಲ. ಆಮೇಲೆ, "ಇವತ್ತಿನ ಸರ್ಟಿಫಿಕೇಟ್ ಕೊಡು. ಇದನ್ನ ಯಾವತ್ತು ಹೊಡೆದದ್ದು?" ಎಂದರು. ಅವರಿಗೆ ಗೊತ್ತಿತ್ತು. ಆದರೂ ಯಾರಾದರೂ ಬಾಯಿ ಬಿಡಬೇಕಿತ್ತು.

"ಸೋಮವಾರ ಸಾರ್. ನಾನೇ ಹೊಡೆದದ್ದು."

"ಸಹಿ ನನ್ನದು."

ಬೀರುವಿನಿಂದ ಕಾಯಿದೆ ಪುಸ್ತಕ ತೆಗೆದು, ಒಂದು ಕಡೆ ಬೆರಳಿಟ್ಟು, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ಓದಿಕೊಂಡರು. "ಕೆಲಸಗಾರ ಅಂದ್ರೆ… ನೇರವಾಗಿ ಆಗಲಿ, ಬೇರೆಯವರ ಮೂಲಕ ಆಗಲಿ ಕೆಲಸಕ್ಕೆ ಹಚ್ಚಿದವರು… ಜಾಗ ತೊಳೆಯೋದೂ ಸೇರಿದೆ." ಪುಸ್ತಕ ಮುಚ್ಚಿದರು. ಹಳೆಯ ಹಾಳೆಯನ್ನು ಹರಿದರು. (ನೋಡಿ, ಹರಿದದ್ದು ಅವರು. ನಾನಲ್ಲ.)

"ಹೊಸ ಹಾಳೆ ಹಾಕು. ನಮ್ಮ ಕಾರ್ಖಾನೆಯ ಕೆಲಸಗಾರ ಅಬ್ಬಾಸ್ ಅಲಿ… ಹಾಕಿದ್ಯಾ? ನಮ್ಮ ಕಾರ್ಖಾನೆಯ ಕೆಲಸಗಾರ್ತಿ ಚಿನ್ನಮ್ಮ ಹಗ್ಗ ಬಿಡದೆ ಮೇಲಕ್ಕೆಳೆದದ್ದರಿಂದ ಜೀವ ಉಳಿಯಿತು. ಗುಂಡಿಯನ್ನು ಪರೀಕ್ಷಿಸದೆ ಸಹಿ ಮಾಡಿದವರು, ಮ್ಯಾನೇಜರ್."

ಈ ಸಲ ಮೂರು ಅಕ್ಷರ ತಪ್ಪಿದವು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಇವರನ್ನು ಖಳನನ್ನಾಗಿ ಮಾಡಲು ನಾನು ಎರಡು ವಾರ ಹೆಣಗಿದ್ದೇನೆ. ಒಂದು ಡ್ರಾಫ್ಟಿನಲ್ಲಿ ಮೀಸೆ ಕೂಡ ಅಂಟಿಸಿದ್ದೆ. "ಅದೆಲ್ಲ ಬೇಡ ವೇದಾ," ಎನ್ನುತ್ತಾರೆ. "ಹೆದರಿದ್ದೆ ಅಂತ ಬರಿ, ಸಾಕು."

ಹೆದರಿದ್ದರು. ನಾನೂ ಹೆದರಿದ್ದೆ. ಆಮೇಲೆ ಹೊಸ ಹಾಳೆ ಹಾಕು ಎಂದರು. ಆ ಒಂದು ಮಾತಿಗೆ ನಾನು ಅವರಿಗೆ ಋಣಿ.

೯

ಅಜ್ಜಿಯ ಒಂದು ಕಥೆಯಲ್ಲಿ ರಾಜಕುಮಾರ ಹಗ್ಗ ಹಿಡಿದು ಪಾಳುಬಾವಿಗೆ ಇಳಿದು ನಾಗಲೋಕ ಸೇರುತ್ತಾನೆ. ಅಲ್ಲಿ ಮುತ್ತಿನ ಮಂಟಪ, ಮದುವೆ, ಎಲ್ಲ ಆಗಿ ಮತ್ತೆ ಹತ್ತಿ ಬರುತ್ತಾನೆ.

"ಅಷ್ಟು ದಿನ ಮೇಲೆ ಹಗ್ಗ ಯಾರು ಹಿಡ್ಕೊಂಡಿದ್ರು ಅಜ್ಜಿ?"

"ಯಾರೋ ಹಿಡ್ಕೊಂಡಿದ್ರು. ನೀನು ಹೂಂ ಅನ್ನು."

ನನ್ನ ಆ ಪ್ರಶ್ನೆಗೆ ಯಾವ ಕಥೆಯೂ ಉತ್ತರ ಕೊಡಲಿಲ್ಲ. ಕೊಟ್ಟದ್ದು ಒಣ ಇಂಗ್ಲಿಷಿನ ಆ ಸೆಕ್ಷನ್: ಇನ್ನೊಂದು ತುದಿಯನ್ನು ಹೊರಗೆ ನಿಂತವರೊಬ್ಬರು ಹಿಡಿದಿರತಕ್ಕದ್ದು. ಎಲ್ಲೋ ದೂರದಲ್ಲಿ ಕೂತು ಯಾರೋ ಆ ಈಚೆ ತುದಿಯ ಬಗ್ಗೆ ಯೋಚಿಸಿ, ಅದು ಇಳಿಸುವವರ ಹೊಣೆ ಎಂದು ಬರೆದಿದ್ದಾರೆ. ಅವರು ಯಾರೋ ಗೊತ್ತಿಲ್ಲ, ಅವರಿಗೊಂದು ನಮಸ್ಕಾರ. ಆದರೆ "ಒಬ್ಬರು" ಎಂದು ಬಿಟ್ಟಿದ್ದಾರೆ, ಹೆಸರಿಲ್ಲ. ಆ ಜಾಗದಲ್ಲಿ ನಾನು ಚಿನ್ನಮ್ಮ ಎಂದು ತುಂಬಿದ್ದೇನೆ. ಕಥೆ ಬರೆದದ್ದೇ ಅದಕ್ಕೆ.

೧೦

ಮುಗಿಸೋಣ ಎಂದುಕೊಂಡೆ. ಆದರೆ ಮೂರು ವಾರ ಯಾರೂ ಇಳಿಯದೆ ಬಿಟ್ಟ ಗುಂಡಿಯನ್ನು, ಒಂದು ಮಂಗಳವಾರ, ಮತ್ತೆ ತೊಳೆಯಬೇಕಾಗಿ ಬಂತು.

ಎರಡು ದಿನ ಕೊಳವೆ ಇಳಿಬಿಟ್ಟು ಗಾಳಿ ಊದಿದ್ದಾರೆ. ಷಡಕ್ಷರಪ್ಪನವರೇ ಹೊತ್ತಿಸಿದ ಲಾಟೀನು ತಳಕ್ಕೆ ಇಳಿಸಿ, ಗಡಿಯಾರ ಹಿಡಿದು ಕಾದರು. ದೀಪ ಆರಲಿಲ್ಲ. ಟೈಪ್‌ರೈಟರನ್ನು ಸ್ಟೂಲಿನ ಮೇಲಿಟ್ಟು ಗುಂಡಿಯ ಪಕ್ಕಕ್ಕೇ ತಂದಿದ್ದೇವೆ. ತಾರೀಖು, ಗಂಟೆ, ನಿಮಿಷ ಹೊಡೆದೆ. ಅಲ್ಲೇ ನಿಂತು ಸಹಿ ಹಾಕಿದರು. ಇಷ್ಟಾದರೂ ಹಗ್ಗ ಬೇಕೇ ಬೇಕು ಎಂದರು ಚಿನ್ನಮ್ಮ.

ಇಳಿಯುವವರು ಯಾರು? ಜಯಪ್ಪ ಕೋಟು ಬಿಚ್ಚಿ ಕಂಬಕ್ಕೆ ತಗುಲಿ ಹಾಕಿದರು. (ಇಲ್ಲಿಂದ ಮುಂದೆ ಅವರಿಗೂ "ರು".) "ನಾನೇ ಇಳೀತೀನಿ." ಹೊಟ್ಟೆಗೆ ಬೆಲ್ಟು ಸಾಲದೆ ದಬ್ಬಳದಿಂದ ಹೊಸ ತೂತು ಹೊಡೆಯಬೇಕಾಯಿತು.

ಚಿನ್ನಮ್ಮನ ಅಂಗೈ ಇನ್ನೂ ಮಾಗಿಲ್ಲ. "ಟೈಪಮ್ಮಾ, ಬಾ. ಎಳೆಯೋಕೆ ಹಿಂದೆ ಇಬ್ಬರು ಗಂಡಸ್ರು ನಿಲ್ಲಲಿ. ಮುಂದಿನ ಕೈ ನಿಂದು. ಅದು ಎಳೆಯೋ ಕೈ ಅಲ್ಲ, ಕೇಳೋ ಕೈ."

ಹಿಡಿದೆ. ಹಗ್ಗದ ನಾರು ಚುಚ್ಚುತ್ತದೆ. ನನಗೆ ಯಾರೂ ಹೇಳಿರಲಿಲ್ಲ.

"ಮಾತಾಡ್ತಾ ಇರಿ ಜಯಪ್ಪಣ್ಣ!" ತೋಳಿಗೆ ಜೋಳಿಗೆ ಕಟ್ಟಿಕೊಂಡು ದಂಡೆಯಲ್ಲಿ ಕೂತ ಅಬ್ಬಾಸ್ ಅಲಿ ಕೂಗಿದ.

"ಏನ್ ಮಾತಾಡ್ಲಿ ಮಾರಾಯ?"

"ನನ್ನ ಬೈಯಿರಿ! ಬಾಕಿ ತೀರಿಸ್ಕೊಳ್ಳಿ!"

"ಯಾಕೋ ಏನೂ ಹೊಳೀತಿಲ್ಲ!"

"ಕಥೆ ಹೇಳಿ!" ಎಂದೆ ನಾನು.

ಕೆಳಗೆ ಒಂದು ಕ್ಷಣ ಸದ್ದಿಲ್ಲ. ನನ್ನ ಬೆರಳು ಬಿಗಿಯಾದವು. ಆಮೇಲೆ ಸಿಮೆಂಟಿನ ಗೋಡೆಗೆ ಬಡಿದು ದಪ್ಪಗಾದ ದನಿ ಮೇಲೆ ಬಂತು:

"ಒಂದೂರಲ್ಲಿ… ಒಬ್ಬ ರಾಜ ಇದ್ನಂತೆ…"

ಓದುಗರೇ, ನಿಮಗೆ ಕೇಳುವುದಿದೆ. ವರದಿ ನೋಡಿ ಮಾಲೀಕರು ಏನೆಂದರು? ಚಿನ್ನಮ್ಮನ ಹೆಸರು ಮಸ್ಟರಿಗೆ ಏರಿತೇ? ಜೀಪು ಬಂದ ದಿನ ಏನಾಯಿತು? ಈಗ ಕೇಳಬೇಡಿ. ಮೇಲೆ ಮಾತು ಜಾಸ್ತಿ ಆದರೆ ಕೆಳಗಿನದು ಕೇಳಿಸುವುದಿಲ್ಲ. ಈ ಕಥೆಯನ್ನು ಮುಗಿಸುವುದು ಕ್ಷೇಮವಲ್ಲ, ಮತ್ತು ನನ್ನ ಎರಡೂ ಕೈ ಹಗ್ಗದ ಮೇಲಿವೆ. (ಹಾಗಾದರೆ ಈ ಸಾಲು ಬರೆದವರು ಯಾರು ಎನ್ನುವವರು ಬನ್ನಿ, ಸ್ವಲ್ಪ ಹೊತ್ತು ಹಿಡಿದುಕೊಳ್ಳಿ, ಹೇಳುತ್ತೇನೆ.)

"ಆ ರಾಜಂಗೆ ಮೂರು ಜನ ಮಕ್ಕಳು… ಏ, ಕೇಳಿಸ್ತಿದ್ಯಾ ಮೇಲೆ?"

"ಹೂಂ," ಎಂದೆ. "ಆಮೇಲೆ?"