ಮುದ್ದೆ ಅಗಿದ ಹುಡುಗಿಗೆ ಸೂಜಿ

ನಮ್ಮ ಹಾಸನದ ಕಡೆ ಮುದ್ದೆಯನ್ನು ನುಂಗಬೇಕೇ ಹೊರತು ಅಗಿಯಬಾರದು. ಅದು ಮಕ್ಕಳಿಗೆ ಹೇಗೆ ಗೊತ್ತಾಗಬೇಕು? ಬಾಯಿಗೆ ಬಿದ್ದದ್ದನ್ನು ಅಗಿಯುತ್ತವೆ, ಹಲ್ಲಿಗೆಲ್ಲ ಮೆತ್ತಿಕೊಂಡು ಮುಖ ಕಿವುಚುತ್ತವೆ. ಆಗ ದೊಡ್ಡವರು ಕೂತು ನಿಧಾನವಾಗಿ ಹೇಳಿಕೊಡುತ್ತಾರೆಯೇ? ಅಷ್ಟು ಪುರುಸೊತ್ತು ಯಾರಿಗಿದೆ! “ನುಂಗ್ತೀಯೋ, ಇಲ್ಲ ಡಾಕ್ಟ್ರತಾವ ಕರ್ಕಂಡೋಗಿ ಸೂಜಿ ಚುಚ್ಚುಸ್ಲೋ?” ಎಂದರೆ ಮುದ್ದೆ ತಾನಾಗಿ ಒಳಗಿಳಿಯುತ್ತದೆ.

ದುದ್ದದ ಕಾಮಾಕ್ಷಮ್ಮ ತಮ್ಮ ಆರು ವರ್ಷದ ಮೊಮ್ಮಗಳು ಸ್ಪಂದನಾಳಿಗೆ ಊಟ ಮಾಡಿಸುತ್ತಿದ್ದದ್ದು ಹೀಗೆಯೇ. ಹುಡುಗಿಯ ತಾಯಿ ಎರಡನೆಯ ಹೆರಿಗೆಗೆಂದು ಅರಕಲಗೂಡಿನ ತವರಿಗೆ ಹೋಗಿದ್ದಳು. ಆ ದಿನಗಳಲ್ಲೇ ಸ್ಪಂದನಾಳ ಅಂಗಾಲಿಗೆ ಜಾಲಿ ಮುಳ್ಳು ಚುಚ್ಚಿತು. ಸೂಜಿಯ ಭಯಕ್ಕೆ ಹುಡುಗಿ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಕಾಲು ಊದಿ, ಕೀವು ತುಂಬಿ, ಜ್ವರ ಬಂದ ಮೇಲೆ ಅಜ್ಜಿಗೆ ಗೊತ್ತಾಯಿತು. “ಶೆಟ್ಟಿಹಳ್ಳಿಗೋಗಿ ನೀರೊಳಗಿರೋ ಚರ್ಚು ನೋಡ್ಕಂಡ್ ಬರಾನ ಬಾ” ಎಂದು ಪುಸಲಾಯಿಸಿ ಬಸ್ಸು ಹತ್ತಿಸಿದರು. ಇಳಿಸಿದ್ದು ಹಾಸನದ ಮಕ್ಕಳ ಆಸ್ಪತ್ರೆಯ ಮುಂದೆ.

ಆ ಆಸ್ಪತ್ರೆಯಲ್ಲಿ ಚನ್ನರಾಯಪಟ್ಟಣದ ಸಿಂಧು ಇಂಟರ್ನ್ ಆಗಿ ಸೇರಿದ್ದಳು. ಅವಳು ಕಲಿಯುತ್ತಿದ್ದದ್ದು ಚೈಲ್ಡ್ ಲೈಫ್ ಸ್ಪೆಷಲಿಸ್ಟ್ ಎಂಬ ಕೆಲಸ. ಹೆಸರು ದೊಡ್ಡದು, ಅರ್ಥ ಸರಳ. ಆಸ್ಪತ್ರೆಗೆ ಬಂದ ಮಗುವಿಗೆ ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ ಎಂದು ಅದಕ್ಕೆ ಅರ್ಥವಾಗುವಂತೆ ಮೊದಲೇ ಹೇಳಬೇಕು. ಬೊಂಬೆ ಕೊಟ್ಟು ಆಟ ಆಡಿಸುತ್ತ ಭಯ ಕಡಿಮೆ ಮಾಡಬೇಕು. ಡಾಕ್ಟರೂ ಅಲ್ಲದ, ನರ್ಸೂ ಅಲ್ಲದ ಇವಳನ್ನು ವಾರ್ಡಿನ ಜನ ‘ಬೊಂಬೆ ಮೇಡಂ’ ಎನ್ನುತ್ತಿದ್ದರು. ಹಾಗೆ ಕರೆದಾಗಲೆಲ್ಲ ಅವಳಿಗೆ ಒಳಗೊಳಗೇ ಮುಜುಗರವಾಗುತ್ತಿತ್ತು.

ಸ್ಪಂದನಾಳ ಕೈಗೆ ಡ್ರಿಪ್ ಸೂಜಿ ಹಾಕಲು ನೇತ್ರಾವತಿ ಸಿಸ್ಟರ್ ಟ್ರೇ ಹಿಡಿದು ಬಂದರು. ಸಿಂಧು ಮಗುವಿನ ಪಕ್ಕ ಕೂರಲು ಹೋದಾಗ ಕಾಮಾಕ್ಷಮ್ಮ ಅವಳ ದುಪಟ್ಟಾ ಹಿಡಿದು ಎಳೆದರು.

“ಏನೂ ಯೋಳ್ಬ್ಯಾಡ ಕಣವ್ವ. ಯೋಳುದ್ರೆ ಆಸ್ಪತ್ರೆನೇ ಎತ್ತಾಕ್ತಳೆ. ನೋವಾಗಕಿಲ್ಲ ಅಂತ ಒಂದ್ ಮಾತ್ ಅಂದ್ಬುಡು, ಸಾಕು.”

“ಹಾಗೆ ಹೇಳ್ಬಾರ್ದು ಅಜ್ಜಿ. ಮಕ್ಳಿಗೆ ನಿಜ ಹೇಳ್ಬೇಕು.”

“ನಿಜ ಯೋಳಕ್ಕೆ ಇದೇನ್ ಕೋರ್ಟಾ?”

ಅಕ್ಕಪಕ್ಕದ ಮಂಚದವರು ನಕ್ಕರು. “ಬೇಗ ಸಿಂಧು, ಇನ್ನೂ ಮಕ್ಕಳಿದಾರೆ” ಎಂದರು ಸಿಸ್ಟರ್. ಮಗುವಿಗೆ ಸುಳ್ಳು ಹೇಳಬಾರದು ಎಂಬುದು ಸಿಂಧು ಕಲಿತ ಮೊದಲ ಪಾಠ. ಆದರೆ ಎಲ್ಲರ ಕಣ್ಣೂ ಅವಳ ಮೇಲಿತ್ತು. ಇವಳಿಂದಲೂ ಉಪಯೋಗವಿದೆ ಎಂದು ಒಂದು ಸಲವಾದರೂ ಅನ್ನಿಸಿಕೊಳ್ಳುವ ಆಸೆ ಬೇರೆ. ಬಗ್ಗಿ ಹುಡುಗಿಯ ಕೆನ್ನೆ ಸವರಿದಳು.

“ನೋವೇ ಆಗಲ್ಲ ಕಂದ. ಪ್ರಾಮಿಸ್.”

ಮೊದಲ ಸಲ ನರ ಸಿಗಲಿಲ್ಲ. ಮತ್ತೆ ಚುಚ್ಚಬೇಕಾಯಿತು. ಸ್ಪಂದನಾ ಸೂಜಿಯನ್ನು ನೋಡಲಿಲ್ಲ, ಸಿಂಧುವಿನ ಮುಖ ನೋಡಿದಳು. ಆಮೇಲೆ ವಾರ್ಡು ಹಾರಿಹೋಗುವ ಹಾಗೆ ಕಿರುಚಿದಳು. ಸಿಂಧುವಿಗೆ ಆ ನೋಟ ತಡೆಯಲಾಗಲಿಲ್ಲ. ಏನೋ ಕೆಲಸವಿದ್ದವಳಂತೆ ಅಲ್ಲಿಂದ ಎದ್ದು ಹೋದಳು.

ಅಂಗಾಲಿನ ಕೀವು ತೆಗೆದು ಪಟ್ಟಿ ಕಟ್ಟಿದರು. ಔಷಧಿ ಹೋದ ಮೇಲೆ ಜ್ವರ ಇಳಿಯಿತು. ಮರುದಿನ ಬೆಳಿಗ್ಗೆ ಡಾಕ್ಟರ್ ರಜನೀಶ್ ಬಂದು ಕಾಲನ್ನು ಪಟ್ಟಿಯ ಮೇಲಿಂದ ಒತ್ತಿದರು.

“ನೋವಿದ್ಯಾ ಪುಟ್ಟಿ?”

“ಇಲ್ಲ.”

“ಇಲ್ಲಿ?”

“ಇಲ್ಲ.”

“ಜಾಣೆ! ಹೀಗೇ ಇದ್ರೆ ನಾಳೆ ಮನೆಗೆ ಹೋಗ್ಬೋದು.”

ಕಾಮಾಕ್ಷಮ್ಮನಿಗೆ ಹಿಗ್ಗೋ ಹಿಗ್ಗು. “ನೋಡ್ದಾ ಬೊಂಬೆ ಮೇಡಮ್ಮ? ಒಂದ್ ಸುಳ್ಳೇಳಿದ್ಕೆ ಏನ್ ಕೆಟ್ಟೋಯ್ತು?” ಎಂದರು. ಸಿಂಧು ಮುಂದಿನ ಮಂಚಕ್ಕೆ ಸರಿದಳು. ಸದ್ಯ, ತನ್ನ ಸುಳ್ಳು ಇಲ್ಲಿಗೆ ಮುಚ್ಚಿಹೋಯಿತು ಎಂದುಕೊಂಡಳು.

ಮಧ್ಯಾಹ್ನ ಅವಳು ಬಟ್ಟೆ ಬೊಂಬೆ ಮತ್ತು ಆಟದ ಸಿರಿಂಜು ತಂದುಕೊಟ್ಟಳು. ಸ್ಪಂದನಾ ಬೊಂಬೆಯ ಕೈಗೆ ಸಿರಿಂಜು ಚುಚ್ಚಿ, ಕಾಲಿಗೆ ಪಟ್ಟಿ ಕಟ್ಟಿದಳು. ಡಾಕ್ಟರ ಹಾಗೆ ಒತ್ತಿ ನೋಡಿದಳು. ತಕ್ಷಣ ಬೊಂಬೆಯ ಬಾಯಿಯ ಮೇಲೆ ಕೈ ಇಟ್ಟಳು.

“ಶ್! ನೋಯ್ತದೆ ಅನ್ಬ್ಯಾಡ ಕಣೆ. ಅಂದ್ರೆ ಮತ್ತೆ ಚುಚ್ತಾರೆ. ನೋವೇ ಆಗಲ್ಲ ಕಂದ, ಪ್ರಾಮಿಸ್, ಅನ್ನು.”

ಸಿಂಧುವಿನ ಕಿವಿ ಬಿಸಿಯಾಯಿತು. ಮಾತು ಅವಳದೇ, ರಾಗವೂ ಅವಳದೇ. ಹೆದರಬೇಡ ಎಂದು ಹೇಳಿಕೊಡಲು ಬಂದವಳು ನೋವನ್ನು ಮುಚ್ಚಿಡುವುದನ್ನು ಕಲಿಸಿಬಿಟ್ಟಿದ್ದಳು.

“ಬೊಂಬೆಗೆ ಯಾಕೆ ಸೂಜಿ ಚುಚ್ಚಿದ್ರು?” ಎಂದು ಮೆಲ್ಲಗೆ ಕೇಳಿದಳು.

“ಮುದ್ದೆ ಅಗುದ್ಬುಟ್ಳು.”

“ನಿಂಗೂ ಕಾಲು ನೋವಿದ್ಯಾ ಸ್ಪಂದನಾ?”

“ಇಲ್ಲ” ಎಂದ ಹುಡುಗಿ ಕಾಲನ್ನು ಲಂಗದೊಳಗೆ ಎಳೆದುಕೊಂಡಳು.

ತಾನು ಸುಳ್ಳು ಹೇಳಿ, ಮಗುವಿನ ಬಾಯಲ್ಲಿ ನಿಜ ಬರಲಿ ಎಂದು ಯಾವ ಮುಖ ಇಟ್ಟುಕೊಂಡು ಕೇಳುವುದು? ನಾಚಿಕೆಯಿಂದ ಸಿಂಧುವಿಗೆ ತಲೆ ಎತ್ತಲಾಗಲಿಲ್ಲ. ಆದರೂ ನೆಲದ ಮೇಲೆ ಹುಡುಗಿಯ ಎದುರು ಕೂತಳು. ಇಡೀ ವಾರ್ಡು ಕೇಳಿಸಿಕೊಳ್ಳುತ್ತಿತ್ತು.

“ನಾನು ನಿಂಗೆ ಸುಳ್ಳು ಹೇಳಿದೆ ಕಣೆ. ಸೂಜಿ ನೋವಾಗುತ್ತೆ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಆಗಲ್ಲ ಅಂದೆ. ತಪ್ಪು ನಂದು. ನೀನು ಮುದ್ದೆ ಅಗಿದಿದ್ದಕ್ಕೆ ಯಾರೂ ಚುಚ್ಚಲಿಲ್ಲ. ಕಾಲಲ್ಲಿ ಕೀವಾಗಿತ್ತಲ್ಲ, ಅದು ಹೋಗ್ಲಿ ಅಂತ ಔಷಧಿ ಹಾಕೋಕೆ ಚುಚ್ಚಿದ್ದು.”

ಕಾಮಾಕ್ಷಮ್ಮ ರೇಗಿದರು. “ಏನವ್ವ ಇದು! ಇಷ್ಟುದ್ದದ ಮಗಿನತಾವ ತೆಪ್ಪಾಯ್ತು ಅಂತೀಯಲ್ಲ! ನಾಳಿಂದ ಯಾರ್ ಮಾತ್ ಕೇಳ್ತಳೆ ಇವ್ಳು?”

ಸ್ಪಂದನಾ ಬೊಂಬೆಯನ್ನು ತಿರುವುತ್ತ ಕೂತಳು. ಆಮೇಲೆ ಕೇಳಿದಳು: “ಮತ್ತೆ ಚುಚ್ತಾರಾ?”

ಇಲ್ಲ ಅಂದುಬಿಟ್ಟರೆ ಆಗಿಹೋಗುತ್ತಿತ್ತು. ಮಾತು ಸಿಂಧುವಿನ ನಾಲಿಗೆಯ ತುದಿಗೂ ಬಂತು.

“ಚುಚ್ಬೇಕಾಗ್ಬೋದು. ಆಗ ನೋವಾಗುತ್ತೆ, ಸ್ವಲ್ಪ ಹೊತ್ತಿಗೆ ಕಮ್ಮಿ ಆಗುತ್ತೆ. ಏನೇ ಮಾಡಿದ್ರೂ ಮೊದಲು ನಿಂಗೆ ಹೇಳ್ತೀನಿ.”

ಹುಡುಗಿ ನಿಧಾನವಾಗಿ ಲಂಗ ಸರಿಸಿದಳು. ಪಟ್ಟಿಗಿಂತ ಮೇಲೆ, ಕಾಲ್ಗಿಣ್ಣಿನ ಹತ್ತಿರ ಬೆರಳಿಟ್ಟಳು. “ಇಲ್ಲಿ. ಬಲೇ ನೋಯ್ತದೆ ಅಕ್ಕ.”

ಕಾಮಾಕ್ಷಮ್ಮ ಎದ್ದು ಬಂದರು. “ನನ್ನತಾವ ಯಾಕ್ ಯೋಳ್ನಿಲ್ಲ ನನ್ ಕೂಸೆ?”

“ನೀನು ಸೂಜಿ ಆಕುಸ್ತೀನಿ ಅಂತಿದ್ಯಲ್ಲ ಅಜ್ಜಿ.”

ಕಾಮಾಕ್ಷಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹಿಂದಿನ ದಿನ ನಕ್ಕಿದ್ದ ಅಕ್ಕಪಕ್ಕದವರೂ ತಲೆ ತಗ್ಗಿಸಿದರು. ಅವರ ಮನೆಗಳಲ್ಲೂ ಊಟದ ಹೊತ್ತಿಗೆ ಇದೇ ಮಾತು ನಡೆಯುತ್ತಿತ್ತು.

ಸಿಂಧು ಡಾಕ್ಟರ ಬಳಿ ಹೋಗಿ ನೋವಿನ ಜೊತೆಗೆ ತನ್ನ ಸುಳ್ಳನ್ನೂ ಹೇಳಿದಳು. ಅವರು ಬಂದು ಪಟ್ಟಿ ಬಿಚ್ಚಿಸಿ, ಸ್ಕ್ಯಾನ್ ಮಾಡಿಸಿ ನೋಡಿದರು. ಮುರಿದ ಮುಳ್ಳಿನ ಚೂರೊಂದು ಒಳಗೇ ಉಳಿದು, ಕೀವು ಮೇಲಕ್ಕೆ ಹರಡುತ್ತಿತ್ತು. “ನಾಳೆ ಮನೆಗೆ ಕಳಿಸಿದ್ರೆ ಮೂಳೆಗೆ ಇಳಿಯೋದು. ಹೇಳಿದ್ದು ಒಳ್ಳೇದಾಯ್ತು” ಎಂದರು, ಅಷ್ಟೇ. ಬೈದಿದ್ದರೆ ಸಿಂಧುವಿಗೆ ಎಷ್ಟೋ ಹಗುರವಾಗುತ್ತಿತ್ತು.

ಮೊದಲಿನ ಡ್ರಿಪ್ ತೆಗೆದಿದ್ದರಿಂದ, ಆ ಚೂರು ತೆಗೆಯುವ ಮೊದಲು ಮತ್ತೆ ಸೂಜಿ ಹಾಕಬೇಕಿತ್ತು. ಈ ಸಲ ಟ್ರೇ ಬಂದಾಗ ಕಾಮಾಕ್ಷಮ್ಮ ಸಿಂಧುವನ್ನು ತಡೆದರು. “ಇರವ್ವ, ನಾನೇ ಯೋಳ್ತೀನಿ” ಎಂದು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು.

“ಮುದ್ದೆ ಅಗುದ್ರೆ ಸೂಜಿ ಅಂದಿದ್ದು ಸುಳ್ಳು ಕಣ್ ಮಗ. ಆಸ್ಪತ್ರೆಗೆ ಕರ್ಕಂಬಂದಿದ್ದೂ ಸುಳ್ಳೇಳಿ. ಈಗ ನಿಜ ಯೋಳ್ತೀನಿ. ನೋವಾಯ್ತದೆ. ಅಳು ಬಂದ್ರೆ ಅಳು, ನಾನ್ ಬುಟ್ಟೋಗಕಿಲ್ಲ.”

“ಯಾವ ಕೈಗೆ ಹಾಕೋಣ? ನೀನೇ ಹೇಳು” ಎಂದಳು ಸಿಂಧು.

ಸ್ಪಂದನಾ ಎಡಗೈ ಚಾಚಿದಳು. ಜೋರಾಗಿ ಅತ್ತಳು. ಆದರೆ ಕೈ ಎಳೆದುಕೊಳ್ಳಲಿಲ್ಲ. ಮುಳ್ಳಿನ ಚೂರು ಹೊರಬಂತು, ಕಾಲು ಉಳಿಯಿತು.

ಸಿಂಧುವಿನ ಮೇಲಿನ ನಂಬಿಕೆ ಮಾತ್ರ ಅಷ್ಟು ಸಲೀಸಾಗಿ ವಾಪಸು ಬರಲಿಲ್ಲ. ವಾರ್ಡಿನಲ್ಲಿದ್ದಷ್ಟು ದಿನವೂ, ಕುಡಿಯುವ ಔಷಧಿ ಸಿಹಿ ಎಂದರೂ ಹುಡುಗಿ, “ಪ್ರಾಮಿಸ್ ಬ್ಯಾಡ ಅಕ್ಕ, ನಿಜ ಯೋಳು” ಎನ್ನುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಸಿಂಧು ಚುರ್ರೆನ್ನುವ ಮನಸ್ಸನ್ನು ತಡೆದುಕೊಂಡು ನಿಜವನ್ನೇ ಹೇಳುತ್ತಿದ್ದಳು.

ತಾಯಂದಿರೇ, ಅಪ್ಪಂದಿರೇ, ಅಜ್ಜಿ ತಾತಂದಿರೇ, ಊಟ ಮಾಡದ ಮಗುವಿಗೆ ಸೂಜಿಯ ಹೆಸರು ಹೇಳಿ ಹೆದರಿಸಬೇಡಿ. ಆಸ್ಪತ್ರೆಗೆ ಹೊರಟರೆ ಆಸ್ಪತ್ರೆಗೆ ಎಂದೇ ಹೇಳಿ. ಲಸಿಕೆ ಇರಲಿ, ರಕ್ತ ಪರೀಕ್ಷೆ ಇರಲಿ, ನೋವಾಗುತ್ತದಾ ಎಂದು ಕೇಳಿದರೆ ಹೌದು, ಸ್ವಲ್ಪ ಆಗುತ್ತದೆ ಎನ್ನಿ. ತೊಡೆಯ ಮೇಲೆ ಕೂರಿಸಿಕೊಳ್ಳಿ, ಅತ್ತರೆ ಅಳಲು ಬಿಡಿ. ಇಲ್ಲಿಯವರೆಗೆ ಸುಳ್ಳು ಹೇಳಿದ್ದರೆ, ಅದು ಸುಳ್ಳಾಗಿತ್ತು ಎಂದು ಇವತ್ತೇ ಮಗುವಿಗೆ ಹೇಳಿ. ಸ್ವಲ್ಪ ನಾಚಿಕೆಯಾಗುತ್ತದೆ, ಆಗಲಿ. ನಿಮ್ಮ ಮಗು ತನ್ನ ನೋವನ್ನು ನಿಮಗೆ ಹೇಳದೆ ಇನ್ಯಾರಿಗೆ ಹೇಳಬೇಕು?